ಕೆರೂರರ ಊಹೆಗೊಂದು ತೂತು

ಮಾಷ್ಟ್ರೇ,

ನಾನು ಮೊದಲ ಸಲ ಹೀಗೆ ಕರೆದಾಗ ನೀವು ಕನ್ನಡಕದ ಮೇಲಿಂದ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಲ್ಲಿದೆ. ಧಾರವಾಡದ ಕಡೆಯ ನಿಮಗೆ ವಿದ್ಯಾರ್ಥಿಗಳು ‘ಸರ್’ ಅಂದೇ ರೂಢಿ. ಕಾಸರಗೋಡಿನವರಿಗೆ ಕಲಿಸುವವರೆಲ್ಲರೂ ಮಾಷ್ಟ್ರೇ, ಅವರು ಮೂರನೇ ಕ್ಲಾಸಿಗೆ ಮಗ್ಗಿ ಕಲಿಸಲಿ, ಪಿಎಚ್.ಡಿ.ಗೆ ಡಿಫರೆನ್ಷಿಯಲ್ ಜಾಮೆಟ್ರಿ ಕಲಿಸಲಿ. ಇಡೀ ತಿರುವನಂತಪುರದಲ್ಲಿ ಗಣಿತದ ಬಗ್ಗೆ ಕನ್ನಡದಲ್ಲಿ ಜಗಳವಾಡಲು ನನಗೆ ಸಿಕ್ಕಿದವರು ನೀವೊಬ್ಬರೇ. ಬಿಟ್ಟುಬಿಡುತ್ತೇನೆಯೇ? ನೀವು ಹೋಗಿ ವರ್ಷ ಕಳೆಯಿತು. ನಮ್ಮದೊಂದು ಜಗಳ ಬಾಕಿ ಇತ್ತಲ್ಲ, ಅದನ್ನು ಮುಗಿಸಿದ್ದೇನೆ. ಯಾರು ಗೆದ್ದದ್ದು ಅಂತ ನಿಮಗೆ ಹೇಳದಿದ್ದರೆ ಗೆದ್ದ ಹಾಗೇ ಅನಿಸುತ್ತಿಲ್ಲ.

ಭಾನುವಾರಗಳು ನೆನಪಾಗುತ್ತವೆ. ಶ್ರೀಕಾರ್ಯಂನ ನನ್ನ ಬಾಡಿಗೆ ಕೋಣೆಯಿಂದ ಬಸ್ ಹಿಡಿದು ಪಟ್ಟಂನ ನಿಮ್ಮ ಫ್ಲ್ಯಾಟಿಗೆ ಬರುತ್ತಿದ್ದೆ. ನಿವೃತ್ತರಾದ ಮೇಲೆ ಊಟದ ಮೇಜೇ ನಿಮ್ಮ ವಿಭಾಗ. ಊಟಕ್ಕೆ ಮೊದಲು ನಾನು ಯಾವುದಾದರೂ ಪ್ರಮೇಯಕ್ಕೆ ಒಂದು ಸಾಧನೆ ಕಟ್ಟಿ ತೋರಿಸಬೇಕು. ಸುಮಿತ್ರಮ್ಮನ ರೊಟ್ಟಿ, ಎಣ್ಣೆಗಾಯಿ ಮುಗಿದು ಕಣ್ಣು ಎಳೆಯುವ ಹೊತ್ತಿಗೆ ನೀವು ಕೈ ತೊಳೆದು ಬಂದು, “ಬಾರವಾ, ಮುಂಜಾನೆ ಕಟ್ಟೀದಿ, ಈಗ ಕೆಡವೂಣು” ಅನ್ನುತ್ತಿದ್ದಿರಿ. ಕೆಡವುವುದೂ ನಾನೇ. ತನ್ನದರಲ್ಲಿ ತಾನೇ ತೂತು ಹುಡುಕದವರು ಗಣಿತಕ್ಕೆ ಬರಬಾರದು ಎಂಬುದು ನಿಮ್ಮ ಹಟ. ಎಷ್ಟು ಭಾನುವಾರ ಬೆಳಿಗ್ಗೆ ರಾಣಿಯಂತೆ ಬಂದು ಸಂಜೆ ಬರಿಗೈಲಿ ಬಸ್ ಹತ್ತಿದ್ದೇನೋ... ಬೈದುಕೊಂಡೇ ಹೋಗುತ್ತಿದ್ದೆ, ಮುಂದಿನ ವಾರ ಮತ್ತೆ ಬರುತ್ತಿದ್ದೆ.

ಒಂದು ದಿನ ಊಟವಾದ ಮೇಲೆ ನಾನು, ಇವತ್ತು ನಿಮ್ಮದನ್ನು ಕೆಡವೋಣ ಅಂದೆ. ನಿಮ್ಮದು ಎಂದರೆ ನಮ್ಮ ಪುಟ್ಟ ಲೋಕದಲ್ಲಿ ಎಲ್ಲರೂ ‘ಕೆರೂರರ ಊಹೆ’ ಎನ್ನುವ ಆ ಮಾತು. ಅಂಚೇ ಇಲ್ಲದ, ಸುತ್ತಲೂ ಮುಚ್ಚಿದ ಒಂದು ಮೇಲ್ಮೈ. ಅದರ ಪ್ರತಿ ಬಿಂದುವಿನಲ್ಲಿ ಎರಡು ದಿಕ್ಕಿನ ಬಾಗು ನೀವು ಹೇಳಿದ ಸಂಬಂಧವನ್ನು ಪಾಲಿಸಿದರೆ, ಅದು ಗೋಳವೇ ಆಗಿರಬೇಕು, ಬೇರೆ ಆಕಾರ ಸಾಧ್ಯವಿಲ್ಲ. ಸಾಧಿಸಲು ನಿಮಗೂ ಆಗಿರಲಿಲ್ಲ, ಅಲ್ಲಗಳೆಯಲು ಯಾರಿಗೂ ಆಗಿರಲಿಲ್ಲ. ಸುಮಿತ್ರಮ್ಮ ಅರ್ಥ ಕೇಳಿದಾಗ ನಾನು ಅಡುಗೆಮನೆಯಲ್ಲೇ ಹೇಳಿದ್ದೆ: ಬೋಂಡ ಮಾತ್ರ ಸಾಧ್ಯ, ಉದ್ದಿನ ವಡೆ ಸಾಧ್ಯವಿಲ್ಲ ಅಂತ ಮಾಷ್ಟ್ರ ವಾದ. ಅವರು ನಕ್ಕರು, ನೀವು ನಗಲಿಲ್ಲ. ಆ ದಿನ ನಿಮಗೆ ತಲೆನೋವು ಬಂತು. ಆಮೇಲೆ ನಾನು ಆ ಮಾತು ಎತ್ತಿದಾಗೆಲ್ಲ ಬಂತು.

ಫೋರ್ಟ್ ಕೊಚ್ಚಿಯ ಆ ಕಾರ್ಯಾಗಾರದಲ್ಲಿ ನಿಮಗೆ ಇನ್ನಷ್ಟು ಕೋಪ ಬಂದದ್ದು ನನಗೆ ಗೊತ್ತು. ಜೀವಶಾಸ್ತ್ರದವರನ್ನೂ ಗಣಿತದವರನ್ನೂ ಒಂದೇ ಹೋಟೆಲಿನಲ್ಲಿ ಕೂರಿಸಿದ್ದರು. ಜೀವಕೋಶದ ಪೊರೆಗಳ ಮೇಲೆ ಕೆಲಸ ಮಾಡುವ ಕೊಚ್ಚಿಯ ಬೀನಾ ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರಗಳನ್ನು ತೋರಿಸಿದಳು. ಕೊಬ್ಬಿನ ಪೊರೆಯ ಸಣ್ಣ ಗುಳ್ಳೆಗಳು. ಹೆಚ್ಚಿನವು ದುಂಡಗೆ, ಒಂದರ ನಡುವೆ ಮಾತ್ರ ಸ್ಪಷ್ಟವಾಗಿ ತೂತು. ನಾನು ನಿಮ್ಮ ಮುಖ ನೋಡಿದೆ. ಪ್ರಕೃತಿ ತನಗೆ ಬೇಕಾದ್ದು ಮಾಡಿಕೊಳ್ಳುತ್ತದೆ, ಅದು ಪುರಾವೆಯಲ್ಲ ಅಂದಿರಿ. ಸರಿ, ಪುರಾವೆಯಲ್ಲ. ಆದರೆ ಅನುಮಾನಕ್ಕಾದರೂ ಜಾಗವಿಲ್ಲವೇ ಅಂದೆ. “ಚಹಾ ಆರತೈತಿ, ಬಾ” ಅಂತ ಎದ್ದುಬಿಟ್ಟಿರಿ. ಎಲ್ಲರಿಗೂ ಕೆಡವಲು ಕಲಿಸಿದ ನೀವು ಅದೊಂದನ್ನು ಮಾತ್ರ ಮಗುವಿನ ಹಾಗೆ ಸೆರಗಲ್ಲಿ ಮುಚ್ಚಿಕೊಂಡಿರಿ. ನನಗೆ ಸಿಟ್ಟೂ ಬಂತು, ಪ್ರೀತಿಯೂ ಉಕ್ಕಿತು.

ನೀವಿಲ್ಲದ ಮೊದಲ ಭಾನುವಾರ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಬೀನಾಳ ಚಿತ್ರ ಮುಂದಿಟ್ಟುಕೊಂಡು ಕೂತೆ. ವಡೆಯ ಹೊರಮೈ ಗೋಳದ ಹಾಗೆ ಬಾಗುತ್ತದೆ, ತೂತಿನ ಒಳಮೈ ಕುದುರೆಯ ಜೀನಿನ ಹಾಗೆ. ಒಂದರಿಂದ ಇನ್ನೊಂದಕ್ಕೆ ದಾಟುವ ಗೆರೆಯಲ್ಲಿ ನಿಮ್ಮ ಸಂಬಂಧ ಹರಿದೇ ಹೋಗುತ್ತದೆ ಎಂದು ನೀವು ನಂಬಿದ್ದಿರಿ. ವಡೆಯ ಅಡ್ಡಕೊಯ್ತ ಸರಿಯಾದ ವೃತ್ತವಾಗಿದ್ದರೆ ಹರಿಯುತ್ತದೆ, ನಿಜ. ಬೀನಾಳ ಗುಳ್ಳೆಯಲ್ಲಿ ಅದು ವೃತ್ತವಾಗಿರಲಿಲ್ಲ, ಒಳಗಡೆ ಸ್ವಲ್ಪ ಚಪ್ಪಟೆ. ಆ ಚಪ್ಪಟೆಯನ್ನು ಸಮೀಕರಣಕ್ಕೆ ತರಲು ತಿಂಗಳುಗಳೇ ಹಿಡಿದವು. ಕೊನೆಗೆ ಎಲ್ಲೂ ಹರಿಯದೆ ಸುತ್ತು ಮುಚ್ಚಿತು, ಮಾಷ್ಟ್ರೇ! ಕುಣಿಯುವಷ್ಟು ಖುಷಿಯಾಯಿತು. ಫೋನ್ ತೆಗೆದು ನಿಮ್ಮ ಹೆಸರಿನ ತನಕ ಹೋದೆ. ಆಮೇಲೆ ಅತ್ತುಬಿಟ್ಟೆ, ಮುಚ್ಚಿಡುವುದೇನಿದೆ? ಅತ್ತು ಮುಗಿಸಿ, ನನ್ನ ಸಾಧನೆಯನ್ನೇ ಕೆಡವಲು ಕೂತೆ. ಅದು ಬೀಳಲಿಲ್ಲ.

ನೀವು ಹೋಗಿ ವರ್ಷವಾದ ನೆನಪಿಗೆ ವಿಚಾರಗೋಷ್ಠಿ ಎಂದಾಗ ವಿಭಾಗದ ಮುಖ್ಯಸ್ಥರು ನನ್ನನ್ನು ಕೋಣೆಗೆ ಕರೆದರು. ಸಾಧನೆಯನ್ನು ಅವರು ಓದಿದ್ದರು, ತಪ್ಪಿಲ್ಲವೆಂದೂ ಒಪ್ಪಿದ್ದರು. ಆದರೆ ಆ ದಿನವೇ ಏಕೆ? ಹೆಂಡತಿ ಸುಮಿತ್ರಮ್ಮ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಅವರ ಗಂಡನ ಹೆಸರಲ್ಲಿ ಉಳಿದದ್ದು ಅದೊಂದೇ. “ಅನ್ನ್ ವೇಂಡ, ಮೋಳೇ” ಅಂದರು, ಆ ದಿನ ಬೇಡ ಮಗಳೇ ಅಂತ. ಒಳ್ಳೆಯ ಮನುಷ್ಯ, ಪಾಪ. ನಿಮ್ಮ ಹಳೆಯ ಫಲಿತಾಂಶಗಳನ್ನು ಹೊಗಳಿ ಕೂರಬಹುದಿತ್ತು. ಚಪ್ಪಾಳೆಯೂ ಬೀಳುತ್ತಿತ್ತು. ಆದರೆ ನಿಮ್ಮ ಮೇಜಿನಲ್ಲಿ ಅಷ್ಟು ರೊಟ್ಟಿ ತಿಂದ ನಾನು ಗೊತ್ತಿದ್ದೂ ಒಂದು ಸುಳ್ಳನ್ನು ನಿಮ್ಮ ಹೆಸರಲ್ಲಿ ನಿಲ್ಲಿಸಿದರೆ... ಇಲ್ಲ, ನನ್ನಿಂದಾಗದ ಕೆಲಸ ಅದು.

ಗೋಷ್ಠಿಯ ದಿನ ಮಾತಿನ ಮೊದಲರ್ಧ ನಿಮ್ಮ ವಕೀಲಳಾದೆ. ನಿಮ್ಮ ಊಹೆಯ ಪರವಾಗಿ ನೀವು ಕೂಡ ಅಷ್ಟು ಚೆನ್ನಾಗಿ ವಾದಿಸಿರಲಿಕ್ಕಿಲ್ಲ. ಆಮೇಲೆ ಬೀನಾಳ ಚಿತ್ರ ಪರದೆಗೆ ಹಾಕಿ, ಲೆಕ್ಕ ತೋರಿಸಿ, ಇದು ಗೋಳವಲ್ಲ ಅಂದೆ. ಪ್ರಶ್ನೆಗಳಿವೆಯೇ ಎಂದರೆ ಯಾರೂ ಕೈ ಎತ್ತಲಿಲ್ಲ. ಸುಮಿತ್ರಮ್ಮ ಕೂತಲ್ಲಿಂದಲೇ ಕನ್ನಡದಲ್ಲಿ ಕೇಳಿದರು:

“ವಡೀನೂ ಆಗತೈತೇನು?”

“ಆಗ್ತದೆ, ಸುಮಿತ್ರಮ್ಮ.”

ಅವರು ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡರು. “ಹಂಗಾರ ಇನ್ನ ಮ್ಯಾಲೆ ಯಾರೂ ಅವರ ಹೆಸರು ತಗೊಳ್ಳೂದಿಲ್ಲೇನವಾ?”

ಮಲಯಾಳಂ ಮಾತ್ರ ಬಲ್ಲವರಿಗೂ ಆ ದನಿ ಅರ್ಥವಾಗಿರಬೇಕು, ಮುಖ್ಯಸ್ಥರು ತಲೆ ತಗ್ಗಿಸಿದರು. ನಾನು ವೇದಿಕೆ ಇಳಿದು ಸುಮಿತ್ರಮ್ಮನ ಹತ್ತಿರ ಹೋದೆ.

“ಇನ್ನು ನನ್ನ ಹೆಸರು ಹೇಳ್ಬೇಕಾದ್ರೆ ಮೊದ್ಲು ಅವರ ಹೆಸರು ಹೇಳಿಯೇ ಆಗ್ಬೇಕು. ಯಾರದ್ದನ್ನು ಮುರಿದದ್ದು ಅಂತ ಹೇಳ್ಲಿಕ್ಕೆ ಉಂಟಲ್ಲ?”

ಅವರು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ನೀವಿದ್ದಿದ್ದರೆ ಎರಡು ದಿನ ಯಾರೊಡನೆಯೂ ಮಾತಾಡುತ್ತಿರಲಿಲ್ಲವಂತೆ, ಮೂರನೆಯ ದಿನ ಊರಿಗೆಲ್ಲ ಫೋನ್ ಮಾಡಿ ನನ್ನ ಹುಡುಗಿ ಮುರಿದಳು ಅಂತ ಹೇಳುತ್ತಿದ್ದಿರಂತೆ. ಹೇಳುತ್ತಿದ್ದಿರಿ, ಅಲ್ಲವೇ? ನನಗೆ ಅನುಮಾನವೇ ಇಲ್ಲ.

ಮೊನ್ನೆ ಗಣಿತದ ಪತ್ರಿಕೆಯಿಂದ ಉತ್ತರ ಬಂತು, ಪ್ರಬಂಧವನ್ನು ಒಪ್ಪಿದ್ದಾರೆ. ಪರಿಶೀಲಕರು ಕೆಲವು ತಿದ್ದುಪಡಿ ಕೇಳಿದ್ದರು. ಒಂದು ಉಪಪ್ರಮೇಯ ಮೊಟಕು ಮಾಡಿದೆ, ಚಿತ್ರ ದೊಡ್ಡದು ಮಾಡಿದೆ, ಬೀನಾಳಿಗೆ ಕೃತಜ್ಞತೆಯ ಸಾಲನ್ನು ಮೇಲೆ ತಂದೆ. ಊಹೆ ಹೇಗೂ ಬಿದ್ದುಹೋಯಿತಲ್ಲ, ಶೀರ್ಷಿಕೆಯಲ್ಲಿ ಕೆರೂರರ ಹೆಸರು ಇನ್ನೇಕೆ, ತೆಗೆಯಬಹುದು ಎಂದೂ ಬರೆದಿದ್ದರು. ಅದೊಂದನ್ನು ನಾನು ತಿದ್ದಲಿಲ್ಲ, ಮಾಷ್ಟ್ರೇ.