ಆ ದಡ ಮುಟ್ಟುವ ತನಕ

ದ್ವೀಪದ ಮನೆಯಿಂದ,
ಫೆಬ್ರವರಿ ೧೪

ನನ್ನ ಮುದ್ದು ಸೊಸೆ ತ್ರೀನುಗೆ,

ನಿನ್ನ ಕಾಗದ ಬಂತು. ತಾಲಿನ್ ಪಟ್ಟಣದಲ್ಲಿ ಕೆಲಸ ಗಟ್ಟಿಯಾಯಿತು, ಮನೆಯೂ ಸಿಕ್ಕಿತು, ಭಾನುವಾರ ಬಂದು ಉಕುವನ್ನು ಕರೆದುಕೊಂಡು ಹೋಗುತ್ತೇನೆ ಎಂದು ಬರೆದಿದ್ದೀಯ. ಬಾ ತಾಯಿ. ನಿನ್ನ ಮಗನನ್ನು ನೀನು ಕರೆದೊಯ್ಯುವಾಗ ಬೇಡ ಎನ್ನಲು ಈ ಅಜ್ಜಿ ಯಾರು? ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಅತ್ತುಬಿಡುತ್ತೀಯ, ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ.

ಸಮುದ್ರ ಈ ಸಲ ಚೆನ್ನಾಗಿ ಹೆಪ್ಪುಗಟ್ಟಿದೆ. ಹಡಗು ನಿಂತಿದೆ, ಮಂಜುಗಡ್ಡೆಯ ಮೇಲೆ ದಾರಿ ತೆರೆದಿದ್ದಾರೆ. ಅದರ ಮೇಲೆ ಒಬ್ಬಳೇ ಕಾರು ಓಡಿಸುವುದು ಹೇಗೆ ಎಂದು ಕೇಳಿದ್ದೀಯ. ಮದುವೆಯಾಗಿ ಬಂದ ಹೊಸದರಲ್ಲೇ ಕೇಳಬಹುದಿತ್ತು. ಪಟ್ಟಣದವಳು, ಹಳ್ಳಿಯ ಅತ್ತೆಯನ್ನು ಕೇಳುವುದೇನು ಅಂದುಕೊಂಡಿರಬೇಕು.

ದಾರಿಯ ಅಂಚಿಗೆ ಜೂನಿಪರ್ ಕೊಂಬೆಗಳನ್ನು ನೆಟ್ಟಿರುತ್ತಾರೆ, ಅವನ್ನು ದಾಟಬೇಡ. ಮುಂದಿನ ಕಾರಿನ ಬೆನ್ನು ಹತ್ತಬೇಡ. ಎರಡು ಕಾರಿನ ಭಾರ ಒಂದೇ ಕಡೆ ಬೀಳಬಾರದು. ಹೋದರೆ ತೀರ ನಿಧಾನ ಹೋಗು, ಇಲ್ಲವೇ ಜೋರಾಗಿ ಹೋಗು. ನಡುವಿನ ವೇಗಕ್ಕೆ ಅಡಿಯ ನೀರಿನಲ್ಲಿ ಅಲೆಯೆದ್ದು ಮಂಜುಗಡ್ಡೆ ಬಿರಿಯುತ್ತದೆ. ಜಾರಿದರೆ ಬ್ರೇಕ್ ತುಳಿಯಬೇಡ, ಹಟ ಮಾಡದೆ ಗಾಡಿಯನ್ನು ಅದರ ಪಾಡಿಗೆ ಬಿಡು. ಹಟ ಮಾಡದಿರುವುದು ನಿನಗೆ ಕಷ್ಟ, ಗೊತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು, ದಡದಲ್ಲೇ ಸೀಟ್ ಬೆಲ್ಟ್ ಬಿಚ್ಚು. ಪಟ್ಟಣದಲ್ಲಿ ಕಟ್ಟದಿದ್ದರೆ ದಂಡ, ಗಡ್ಡೆಯ ಮೇಲೆ ಕಟ್ಟಿದರೆ ದಂಡ. ಕಾರು ಕುಸಿದರೆ ಬಾಗಿಲು ತೆಗೆದು ಹಾರಬೇಕಲ್ಲ. ಇದು ನಮ್ಮ ಉಕುವಿಗೂ ಗೊತ್ತು.

ಅವನ ಅಪ್ಪನಿಗೆ ಗೊತ್ತಿರಲಿಲ್ಲವೇ? ಹೋದ ಮಾರ್ಚಿನಲ್ಲಿ ನನ್ನ ಮಾದಿಸ್ ನಿನ್ನನ್ನು ತವರಿಗೆ ಕಳಿಸಲು ಆ ದಡಕ್ಕೆ ಹೋಗಿದ್ದ. ಹೋಗುವಾಗ ನೀನು ದಾರಿಯುದ್ದಕ್ಕೂ ಹೆದರಿ ಕಣ್ಣು ಮುಚ್ಚಿ ಕೂತಿದ್ದೆಯಂತೆ. ಅವನು ಒಬ್ಬನೇ ಹಿಂದಿರುಗುವಾಗ ಕಿಟಕಿಯೊಳಗೆ ಬಗ್ಗಿ ನಿನ್ನ ಕೈಯಾರೆ ಬೆಲ್ಟ್ ಬಿಗಿದೆ. ಆ ದಡದಲ್ಲಿ ಗಾಡಿಗಳನ್ನು ಒಂದೊಂದಾಗಿ ಗಡ್ಡೆಯ ಮೇಲೆ ಬಿಡುವ ವಿಲ್ಲು ನನ್ನ ಅಡುಗೆಮನೆಯಲ್ಲಿ ಕೂತು ಎಲ್ಲವನ್ನೂ ಹೇಳಿದ.

"ಏನೋ ಮಾದಿಸ್, ತೊಟ್ಟಿಲ ಕೂಸಿನ ಹಾಗೆ ಕಟ್ಟಿಸ್ಕೊಂಡಿದೀಯ! ಬಿಚ್ಚೋ ಮಾರಾಯ!" ಅಂದನಂತೆ ವಿಲ್ಲು.

"ಸುಮ್ನಿರೋ. ಹೆಂಡ್ತಿ ಆಣೆ ಹಾಕಿದಾಳೆ, ಅಲ್ಲೇ ನಿಂತು ನೋಡ್ತಿದಾಳೆ. ಆ ದಡ ಮುಟ್ಟೋ ತನಕ ಬಿಚ್ಚಲ್ಲ."

"ಹೆಂಡ್ತಿಗೆ ಹೆದರ್ಕೊಂಡೇ ಸಾಯ್ತೀಯ ನೀನು!"

ಇಬ್ಬರೂ ನಕ್ಕರಂತೆ. ನೀನು ದೂರದಿಂದ ಕೈ ಬೀಸಿದೆಯಂತೆ. ಆಮೇಲೆ ವಿಲ್ಲು ಯಾರೊಂದಿಗೂ ತಮಾಷೆ ಮಾಡಿದ್ದನ್ನು ನಾನು ಕಂಡಿಲ್ಲ.

ಗಡ್ಡೆ ಬಿರಿದು ತಣ್ಣೀರಿಗೆ ಬಿದ್ದೊಡನೆ ಮಾದಿಸನ ಎದೆ ನಿಂತಿತು, ನೋವೇ ಆಗಲಿಲ್ಲ ಎಂದು ನಿನಗೆ ಹೇಳಿದ್ದು ಸುಳ್ಳು. ಕಾರು ಮುಳುಗುವಾಗ ಬಾಗಿಲು ತೆರೆದೇ ಇತ್ತು. ಹಿಂದೆ ಬರುತ್ತಿದ್ದವರು ಕಣ್ಣಾರೆ ನೋಡಿದರು: ಅವನ ಒಂದು ಕಾಲು ಹೊರಗಿತ್ತು, ಎರಡೂ ಕೈ ಸೊಂಟದ ಹತ್ತಿರ ಏನನ್ನೋ ಎಳೆಯುತ್ತಿದ್ದವು. ಇದು ನಿನಗೆ ತಿಳಿಯಬಾರದೆಂದು ದ್ವೀಪದವರೆಲ್ಲ ಒಪ್ಪಿಕೊಂಡರು, ನಾನೂ ತಲೆಯಾಡಿಸಿದೆ. ಈಗ ನೀನೇ ಗಡ್ಡೆಯ ಮೇಲೆ ಬರುತ್ತೀಯ. ಅರ್ಧ ಕಲಿಸಿ ಅರ್ಧ ಮುಚ್ಚಿಡುವುದು ಒಳ್ಳೆಯದಲ್ಲ.

ಭಾನುವಾರ ಬಟಾಣಿ ಸೂಪು ಮಾಡಿರುತ್ತೇನೆ, ಕೆನೆ ತುಂಬಿದ ಬನ್ನು ಇರುತ್ತದೆ. ಬಿಸಿಬಿಸಿ ತಿನ್ನುವೆಯಂತೆ.

ನಿನ್ನ ಒಳಿತನ್ನೇ ಬಯಸುವ
ಅತ್ತೆ, ಸಾಲ್ಮೆ

ತಾ.ಕ.: ಉಕುವಿನ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬುತ್ತಿದ್ದೆ. "ಅಜ್ಜಿ, ಬೆಲ್ಟ್ ಬಿಚ್ಬೇಕು ಅಂತ ಅಪ್ಪಂಗೆ ಗೊತ್ತಿತ್ತಲ್ಲ, ಮತ್ಯಾಕೆ ಕಟ್ಕೊಂಡಿದ್ದ?" ಎಂದು ಕೇಳಿದ. ಹೇಳಿದೆ. ಬಟ್ಟೆಗಳನ್ನೆಲ್ಲ ತಾನೇ ಹೊರತೆಗೆದು ಕಪಾಟಿನಲ್ಲಿ ವಾಪಸು ಇಟ್ಟ. ನೀನು ಬಾ ತಾಯಿ. ಗಡ್ಡೆಯ ಮೇಲೆ ಹಿಂದಿರುಗುವಾಗ ಕಾರು ಹಗುರವಾಗಿದ್ದಷ್ಟೂ ಒಳ್ಳೆಯದು.