ಸುಮ್ಮನಾದ ಕುರ್ಚಿ

ಮನೆಯಿಂದ,
ಭಾನುವಾರ ಬೆಳಗ್ಗೆ

ಮುದ್ದು ಮಗಳೇ,

ಕ್ಷೇಮವಾಗಿ ತಲುಪಿದೆಯಾ? ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತಾ, ಅಥವಾ ಎಂದಿನಂತೆ ಯಾರೋ ಅಜ್ಜಿಗೆ ಬಿಟ್ಟುಕೊಟ್ಟು ನಿಂತೇ ಹೋದೆಯಾ? ನೆಗಡಿ ಹೇಗಿದೆ? ಗಿರಣಿಯಲ್ಲಿ ಯಂತ್ರಗಳ ಹೊಟ್ಟೆಯೊಳಗೆ ತಲೆ ಹಾಕಿ ರಿಪೇರಿ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕಂತೆ, ಅಮ್ಮ ಹೇಳುತ್ತಿದ್ದಾಳೆ. ಅವಳು ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಲು ಅವಳೇ ಹೇಳಿದ್ದಾಳೆ, ಹಾಗಾಗಿ ಬರೆದಿದ್ದೇನೆ. ನಿಜ ಏನೆಂದರೆ, ಗುರುವಾರದಿಂದ ನಾನು ಒಂದು ಕಡೆ ಕೂತಿಲ್ಲ. ಅಡುಗೆಮನೆಯಿಂದ ಗೇಟು, ಗೇಟಿನಿಂದ ಅಡುಗೆಮನೆ. "ದೇವರು ಇದಾನೋ ಇಲ್ವೋ ಆಮೇಲೆ ನೋಡೋಣ, ಮೊದ್ಲು ನೀವು ಒಂದ್ಕಡೆ ಕೂತ್ಕೊಳ್ಳಿ, ನೆಲ ಸವೀತಿದೆ" ಎಂದು ನಿನ್ನ ಅಮ್ಮನ ಆಜ್ಞೆಯಾಗಿದೆ. ಕೂತಿದ್ದೇನೆ. ಬರೆಯುತ್ತಿದ್ದೇನೆ.

ವಿಷಯ ನಿನ್ನ ಕನ್ನಡಕ ಮಾಮನದು. ಅವನು ತೀರಿಕೊಂಡು ತಿಂಗಳಾಗುತ್ತಾ ಬಂತು. ಅವನ ಕನ್ನಡಕದಂಗಡಿಯಲ್ಲಿ ನಾವಿಬ್ಬರೂ ದೇವರ ವಿಚಾರಕ್ಕೆ ಎಷ್ಟು ಕಚ್ಚಾಡಿದ್ದೇವೆ ಎಂದು ನಿನಗೆ ಗೊತ್ತೇ ಇದೆ. ಚಿಕ್ಕವಳಿದ್ದಾಗ ನೀನು ಗಾಜಿಲ್ಲದ ಫ್ರೇಮುಗಳನ್ನು ಒಂದರ ಮೇಲೊಂದು ಹಾಕಿಕೊಂಡು, ನ್ಯಾಯಾಧೀಶರ ಹಾಗೆ ನಮ್ಮ ನಡುವೆ ಕೂರುತ್ತಿದ್ದೆ. ನಾನು ರೇಖಾಗಣಿತದ ಮೇಷ್ಟ್ರು. ಸಾಧಿಸಿ ತೋರಿಸದೆ ಒಂದು ತ್ರಿಕೋನವನ್ನೂ ಒಳಗೆ ಬಿಟ್ಟುಕೊಂಡವನಲ್ಲ, ದೇವರನ್ನು ಬಿಟ್ಟುಕೊಳ್ಳುತ್ತೇನೆಯೇ? ಅವನೋ, ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಗಾಜು ಬದಲಾಯಿಸುತ್ತಾ "ಇದು ಚೆನ್ನಾಗಿ ಕಾಣುತ್ತಾ, ಅದಾ?" ಎನ್ನುವನು. ನಾನು "ಇನ್ನೊಂದ್ಸಲ ಹಾಕು" ಎನ್ನುವೆ. ಮತ್ತೆ, ಮತ್ತೆ. "ಅಲ್ಲಯ್ಯಾ, ದೇವರಿಲ್ಲ ಅಂತ ಒಂದೇ ಏಟಿಗೆ ಹೇಳ್ತೀಯ. ಎರಡು ಗಾಜಲ್ಲಿ ಯಾವ್ದು ಅಂತ ಹೇಳೋಕೆ ನಿಂಗೆ ಊಟದ ಹೊತ್ತಾಗ್ಬೇಕು!" ಎಂದು ನಗುವನು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಿನಗೆ ಗೊತ್ತಿಲ್ಲದ್ದು ನಮ್ಮ ಒಪ್ಪಂದ. ಯಾರು ಮೊದಲು ಹೋಗುತ್ತಾರೋ ಅವರು, ಅಲ್ಲೇನಾದರೂ ಇದ್ದರೆ, ಇಲ್ಲಿದ್ದವನಿಗೆ ಒಂದು ಗುರುತು ಕಳಿಸಬೇಕು. ಎಂಥ ಗುರುತು ಎಂಬುದರ ಮೇಲೆ ಮತ್ತೆ ಜಗಳ. ಕನಸಿನಲ್ಲಿ ಬರುತ್ತೇನೆ ಎಂದ. ಕನಸು ಅಜೀರ್ಣದ ಕೆಲಸ, ನಡೆಯುವುದಿಲ್ಲ ಎಂದೆ. ಬಾಗಿಲು ಬಡಿಯುತ್ತೇನೆ ಎಂದ. ಅದು ಗಾಳಿಯ ಖಾತೆ. ದೀಪ ಆರಿಸುತ್ತೇನೆ ಎಂದ. ಅದಕ್ಕೆ ವಿದ್ಯುತ್ ಇಲಾಖೆಯವರೇ ಸಾಕು, ನೀನು ಸಾಯಬೇಕಾಗಿಲ್ಲ ಎಂದೆ. "ಅಯ್ಯೋ ಮಹರಾಯ, ಸತ್ತ ಮೇಲೂ ನಿನ್ನ ಪರೀಕ್ಷೆ ಪಾಸಾಗ್ಬೇಕಾ ನಾನು?" ಎಂದು ತಲೆ ಚಚ್ಚಿಕೊಂಡು, ಕೊನೆಗೆ ಆ ಕುರ್ಚಿಯನ್ನೇ ತೋರಿಸಿದ. ಯಾರು ಕೂತರೂ ಕಿರ್ರ್ ಎಂದು ಬೀದಿಗೆಲ್ಲ ಕೇಳುವಂತೆ ಕೂಗುವ ಕುರ್ಚಿ ಅದು. ಎಷ್ಟೋ ಜನ ರಿಪೇರಿಯವರು ಕೈಮುಗಿದು ಹೋಗಿದ್ದರು. "ಇದ್ರ ಬಾಯಿ ಮುಚ್ಚಿಸ್ತೀನಿ, ಆಗ ನಂಬ್ತೀಯಾ?" ಎಂದ. ನಂಬುತ್ತೇನೆ ಎಂದೆ. ಕೈ ಕುಲುಕಿದೆವು. ಸಾವು ಎನ್ನುವುದು ಪಕ್ಕದ ಬೀದಿಯವರಿಗೆ ಬರುವ ಕಾಯಿಲೆ ಎಂದುಕೊಂಡಿದ್ದ ದಿನಗಳವು.

ಅವನು ತೀರಿಕೊಂಡು ವಾರ ಕಳೆದ ಮೇಲೆ ನಾನು ಅಂಗಡಿಗೆ ಹೋದೆ. ಈಗ ಅವನ ಸೊಸೆ ನೋಡಿಕೊಳ್ಳುತ್ತಿದ್ದಾಳೆ, ಅವಳಿಗೆ ಈ ಒಪ್ಪಂದದ ವಾಸನೆಯೂ ಇಲ್ಲ. ಕನ್ನಡಕ ಜಾರುತ್ತಿದೆ ಎಂದು ನೆಪ ಹೇಳಿ ಕೂತೆ. ಕಿರ್ರ್! ಗೆದ್ದೆ. ಗೆದ್ದವನಿಗೆ ಅಂದು ಊಟ ಸೇರಲಿಲ್ಲ. ಇನ್ನೊಂದು ದಿನ ಹೋದೆ, ಮತ್ತೆ ಗೆದ್ದೆ. ಗೆದ್ದು ಗೆದ್ದು ಸೊರಗಿದೆ ಮಗಳೇ. ಈ ಗುರುವಾರ ಕೂತೆ, ಸದ್ದಿಲ್ಲ. ಎದ್ದು ಕೂತೆ, ಇಲ್ಲ. ಅತ್ತ ತಿರುಗಿದೆ, ಇತ್ತ ತಿರುಗಿದೆ. ಬೆಣ್ಣೆಯಂತೆ ತಿರುಗಿತು. "ಯಾಕೆ ಮೇಷ್ಟ್ರೇ, ಸೊಂಟ ನೋವಾ?" ಎಂದು ಸೊಸೆ ಕೇಳಿದಳು. "ಸ್ಕ್ರೂ ಸಡಿಲ ಆಗಿದೆಯಮ್ಮಾ" ಎಂದೆ. "ಕನ್ನಡಕದ್ದು ತಾನೇ?" ಎಂದಳು. ಮಾವನ ಬಾಯಿ ಪೂರ್ತಿ ಬಂದಿದೆ ಅವಳಿಗೆ.

"ಕುರ್ಚಿಗೆ ಎಣ್ಣೆ ಹಾಕಿಸಿದೆಯೇನಮ್ಮಾ?" ಇಷ್ಟೇ ಕೇಳಬೇಕಾಗಿದ್ದದ್ದು. ಗೊತ್ತಿಲ್ಲದಿದ್ದರೆ ಬಾಯಿ ಬಿಟ್ಟು ಕೇಳಿ ಎಂದು ಮಕ್ಕಳ ಕಿವಿ ಹಿಂಡಿದವನು ನಾನು. ಕೇಳದೆಯೇ ಎದ್ದು ಮನೆಗೆ ಬಂದೆ. ಹೌದು ಎಂದುಬಿಟ್ಟರೆ ಅವನು ನಿಜವಾಗಿ ಹೋದ, ಇನ್ನೆಲ್ಲೂ ಇಲ್ಲ. ಇಲ್ಲ ಎಂದರೆ ಅವನೆಲ್ಲೋ ಇದ್ದಾನೆ, ಆದರೆ ನಾನು ಇಷ್ಟು ವರ್ಷ ಎದೆ ಸೆಟೆಸಿ ಹೇಳಿದ್ದೆಲ್ಲ ತಪ್ಪು. ಈ ವಯಸ್ಸಿನಲ್ಲಿ ಮೊದಲನೇ ಪಾಠದಿಂದ ಓದಿಕೊಂಡು ಬರಬೇಕು. ಎರಡರಲ್ಲಿ ಯಾವುದಾಗಲಿ ಎಂದು ಬೇಡಿಕೊಳ್ಳಲಿ? ಬೇಡಿಕೊಳ್ಳುವುದಾದರೂ ಯಾರನ್ನು? ನಿನ್ನೆ ಅವಳನ್ನು ಕೇಳಿಯೇಬಿಡುತ್ತೇನೆಂದು ಹೊರಟು, ಅಂಗಡಿಯ ಬಾಗಿಲವರೆಗೆ ಹೋಗಿ, ಎದುರಿನ ಅಂಗಡಿಯಲ್ಲಿ ಬೇಡದ ಛತ್ರಿ ಕೊಂಡು ಬಂದೆ. ಮನೆಯಲ್ಲಿ ಈಗ ತಲೆಗಿಂತ ಛತ್ರಿ ಹೆಚ್ಚಾಗಿವೆ ಎಂದು ಅಮ್ಮ ಕೂಗಾಡಿದಳು.

ಇರಲಿ, ನೀನು ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನಗೆ ಒಳ್ಳೆಯದು ಮಾಡಲಿ ಎಂದು ಅಮ್ಮ ಬರೆಸುತ್ತಿದ್ದಾಳೆ. ಸದ್ಯಕ್ಕೆ ನಾನು ತಕರಾರು ಎತ್ತುವ ಸ್ಥಿತಿಯಲ್ಲಿಲ್ಲ.

ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಒಂದು ಮಾತು ಹೇಳಿದಳು. ಬುಧವಾರ ರೈಲು ಹತ್ತುವ ಮುಂಚೆ ನೀನು ಸೊಸೆಯನ್ನು ಮಾತಾಡಿಸಲು ಕನ್ನಡಕದಂಗಡಿಗೆ ಹೋಗಿದ್ದೆಯಂತೆ. ಕೈಚೀಲದಲ್ಲಿ ಯಂತ್ರಗಳಿಗೆ ಬಿಡುವ ನಿನ್ನ ಎಣ್ಣೆ ಕುಪ್ಪಿಯೂ ಇತ್ತಂತೆ. ಕುರ್ಚಿಗೆ ಎಣ್ಣೆ ಬಿಟ್ಟವಳು ನೀನೇ ಆಗಿದ್ದರೆ ನನಗೆ ಬರೆಯಬೇಡ. ನೀನಲ್ಲದಿದ್ದರೂ ಬರೆಯಬೇಡ. ಉಳಿದದ್ದೆಲ್ಲ ಬರೆ, ನೆಗಡಿಯದ್ದೂ ಬರೆ. ಇದೊಂದನ್ನು ಬರೆಯದೆ ಇದ್ದರೆ, ನಾಳೆಯೂ ನಾನು ಆ ಅಂಗಡಿಗೆ ಹೋಗಿ ಅವನ ಜೊತೆ ಸ್ವಲ್ಪ ಹೊತ್ತು ಜಗಳವಾಡಬಹುದು.