ಕಾತ್ರೀನಳ ಮನೆಯಲ್ಲಿ ಉಳಿದವರು

ಬೇಗೆಯ ಎಪ್ಪತ್ತೊಂದನೆಯ ದಿನ, 2191
ಹಳಿಯಾಳದ ಆಚೆಯ ಕಾಡಂಚು

ನನಗಿಂತ ನೂರೈವತ್ತು ವರ್ಷ ಹಿಂದೆ ಕೂತು, ಕಾತ್ರೀನಳ ಮನೆಯನ್ನು ಸಂರಕ್ಷಿತ ಕಟ್ಟಡವಾಗಿಸಲು ನಿಯಮ ಬರೆಯುತ್ತಿರುವ ಹಿರಿಯರಿಗೆ ಮಾರ್ತಾ ಸಿದ್ದಿ ಮಾಡುವ ನಮಸ್ಕಾರಗಳು.

ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ಚೈತ್ರ, ವೈಶಾಖ ಎಂದು ನಾವೀಗ ಎಣಿಸುವುದಿಲ್ಲ. ಐದು ತಿಂಗಳ ಬಿಸಿಲಿಗೆಲ್ಲ ಬೇಗೆ ಎಂಬ ಒಂದೇ ಹೆಸರು. ಬೇಗೆಯಲ್ಲಿ ಬೆಳಗ್ಗೆ ಹತ್ತಕ್ಕೆ ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಿ ಒಳಗೆ ಕೂರುತ್ತೇವೆ. ಸಮುದ್ರ ಏರಿ ಬಂದ ಕರಾವಳಿಯಲ್ಲಿ ಈಗ ಉಪ್ಪಿನ ಪಾತಿಗಳಿವೆ. ಅಲ್ಲಿ ದುಡಿಯುವವರ ಕೈಗೆ ಕಾವಲುಬಳೆ ತೊಡಿಸುತ್ತಾರೆ. ಅವರು ಎಲ್ಲಿದ್ದಾರೆಂದು ಅದು ಧಣಿಗಳಿಗೆ ಹೇಳುತ್ತಲೇ ಇರುತ್ತದೆ. ಅದನ್ನು ಗುಲಾಮಗಿರಿ ಎಂದು ಯಾರೂ ಕರೆಯುವುದಿಲ್ಲ.

ನಾನು ಇಪ್ಪತ್ತಾರು ವರ್ಷ ಈ ಮನೆಯ ಮೇಲ್ವಿಚಾರಕಿಯಾಗಿದ್ದೆ. ನಿಮಗೂ ಬಹಳ ಹಿಂದೆ, ಗುಲಾಮರನ್ನು ಮಾರುತ್ತಿದ್ದ ಕಾಲದಲ್ಲಿ, ಗೋವೆಯ ಧಣಿಗಳಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದ ಕಾತ್ರೀನ ಇದನ್ನು ಕಟ್ಟಿದ್ದು, ತನ್ನ ಹಿಂದೆ ಓಡಿಬಂದವರಿಗೆ ಮೊದಲು ಅನ್ನವಿಕ್ಕಿ ಆಮೇಲೆ ಹೆಸರು ಕೇಳುತ್ತಿದ್ದುದು, ಇದನ್ನೆಲ್ಲ ಪ್ರವಾಸಿಗಳಿಗೆ ದಿನಕ್ಕೆ ಆರು ಸಲ ಹೇಳುತ್ತಿದ್ದೆ.

ಒಂದು ಮಧ್ಯಾಹ್ನ ಹೆಂಗಸೊಬ್ಬಳು ಜಗಲಿಗೆ ಬಂದಳು. ಹೆಸರು ಬಾಳವ್ವ ಎಂದು ಆಮೇಲೆ ತಿಳಿಯಿತು. ಬಳೆಯನ್ನು ಕಲ್ಲಿನಿಂದ ಜಜ್ಜಿ ಒಡೆದಿದ್ದಳು. ಮಣಿಕಟ್ಟು ಬಾತು ಕಪ್ಪಾಗಿತ್ತು.

"ಅಕ್ಕಾ, ಓಡಿ ಬಂದವ್ರನ್ನ ಇಟ್ಕೊಳ್ಳೋ ಮನಿ ಇದ ಏನ್ರಿ?"

"ಅದು ಆಗಿನ ಕಾಲದ ಮಾತ, ತಂಗಿ. ಈಗ ಇಲ್ಲಿ ಯಾರೂ ಇರಾಂಗಿಲ್ಲ" ಎಂದೆ.

ಅವಳು ಒಂದು ಚೊಂಬು ನೀರು ಕುಡಿದು ಇಳಿದು ಹೋದಳು. ನಾನು ಒಳಗೆ ಹೋಗಿ ಕಾದಿದ್ದ ಪ್ರವಾಸಿಗಳಿಗೆ ಎಂದಿನ ಕಥೆ ಶುರುಮಾಡಿದೆ. "ಮೊದಲು ಅನ್ನವಿಕ್ಕಿ" ಎನ್ನುವಲ್ಲಿಗೆ ಬಂದಾಗ ನಾಲಿಗೆ ಹೊರಳಲಿಲ್ಲ. ಅವರನ್ನು ಅಲ್ಲಿಯೇ ಬಿಟ್ಟು ಬರಿಗಾಲಲ್ಲಿ ಓಡಿದೆ. ಹಳ್ಳದ ದಿಬ್ಬದಲ್ಲಿ ಕುಸಿದು ಕೂತಿದ್ದಳು. "ಏಳವಾ, ತಪ್ಪಾತು, ಊಟಾ ಮಾಡ ನಡಿ" ಎಂದೆ. ಅವಳು ಅತ್ತಳು, ನನಗೆ ಅಳುವ ಯೋಗ್ಯತೆಯೂ ಇರಲಿಲ್ಲ.

ಸಂಜೆಗೆ ಉಪ್ಪಿನ ಪಾತಿಯ ಕಾವಲಿನವರು ಅವಳನ್ನು ಹುಡುಕಿ ಬಂದರು. ಬಾಗಿಲಿಗೆ ಅಡ್ಡ ನಿಂತು, "ಇದು ಮ್ಯೂಸಿಯಂ ರೀ, ನಾಳೆ ಬರ್ರಿ" ಎಂದೆ. ಬಾಗಿಲ ಮೇಲಿನ ಮ್ಯೂಸಿಯಂ ಬೋರ್ಡು ನನ್ನ ಬದುಕಿನಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಹನ್ನೊಂದು ದಿನದ ನಂತರ ಬಾಳವ್ವ ತನ್ನ ತಂಗಿಯ ಊರು ಸೇರಿದಳು.

ಸುದ್ದಿ ಹಬ್ಬಿತು, ಇನ್ನಷ್ಟು ಜನ ಬಂದರು. ಎಲ್ಲರನ್ನೂ ಉಳಿಸಲಾಗಲಿಲ್ಲ. ಇಬ್ಬರನ್ನು ನನ್ನ ಕಣ್ಣೆದುರೇ ಎಳೆದೊಯ್ದರು. ಕೊನೆಗೆ ಇಲಾಖೆಯವರು ನನ್ನನ್ನು ಕೆಲಸದಿಂದ ತೆಗೆದು ಮನೆಗೆ ಬೀಗ ಹಾಕಿದರು. ಆದೇಶದಲ್ಲಿದ್ದ ಕಾರಣ ಒಂದೇ: ನೀವು ಬರೆದಿಟ್ಟ ನಿಯಮ, ಏಳನೆಯ ಕಲಮು, "ಈ ಕಟ್ಟಡದಲ್ಲಿ ಯಾರೂ ವಾಸಿಸತಕ್ಕದ್ದಲ್ಲ."

ಈಗ ಹಿತ್ತಲ ಕೊಟ್ಟಿಗೆಯಲ್ಲಿದ್ದೇನೆ. ವಯಸ್ಸು ಎಪ್ಪತ್ತಮೂರು, ಮೊಣಕಾಲು ಮಡಚುವುದಿಲ್ಲ. ಜನ ಬರುವುದು ನಿಂತಿಲ್ಲ. ನಿನ್ನೆಯಿಂದ ನಾಲ್ವರಿದ್ದಾರೆ, ಒಬ್ಬಳಿಗೆ ದಿನ ತುಂಬಿದೆ. ಬೀಗ ಹಾಕಿದ ಏಳು ಕೋಣೆಗಳ ಹಿಂದೆ, ಈ ಗೋಡೆಯಿಲ್ಲದ ಕೊಟ್ಟಿಗೆಯಲ್ಲಿ ಅವಳು ಹೆರಬೇಕು.

ಹಿರಿಯರೇ, ನೀವು ಸದುದ್ದೇಶದಿಂದಲೇ ಬರೆಯುತ್ತಿದ್ದೀರಿ, ಬಲ್ಲೆ. ಲೇಖನಿ ಇನ್ನೂ ನಿಮ್ಮ ಕೈಯಲ್ಲಿದೆ. ಆ ಒಂದು ಸಾಲು ಬರೆಯಬೇಡಿ.